ಜಿ. ವಿ. ಅಯ್ಯರ್

ಗಣಪತಿ ವೆಂಕಟರಮಣ ಅಯ್ಯರ್ (3 ಸೆಪ್ಟೆಂಬರ್ 1917 – 21 ಡಿಸೆಂಬರ್ 2003) ಕನ್ನಡದ ಚಿತ್ರಸಾಹಿತಿ, ಗೀತರಚನಕಾರ, ನಟ, ನಿರ್ಮಾಪಕ ಮತ್ತು ನಿರ್ದೇಶಕರು. ಜಿ. ವಿ. ಅಯ್ಯರ್ ಎಂಬ ಹೆಸರಿನಿಂದಲೇ ಅವರು ಪ್ರಸಿದ್ಧರು. 1950 ಮತ್ತು 1960ರ ದಶಕಗಳಲ್ಲಿ ಕನ್ನಡ ಚಿತ್ರರಂಗದ ಅಡಿಪಾಯವನ್ನು ಭದ್ರಪಡಿಸಿದ ಬರಹಗಾರರಲ್ಲಿ ಅವರು ಪ್ರಮುಖರು. ‘ಜಗಜ್ಯೋತಿ ಬಸವೇಶ್ವರ’, ‘ರಣಧೀರ ಕಂಠೀರವ’, ‘ದಶಾವತಾರ’ ಮತ್ತು ‘ಕಣ್ತೆರೆದು ನೋಡು’ ಚಿತ್ರಗಳ ಸಾಹಿತ್ಯ ಅವರದು. ಮುಂದೆ ಅವರು ‘ವಂಶವೃಕ್ಷ’ವನ್ನು ನಿರ್ಮಿಸಿದರು, ‘ಹಂಸಗೀತೆ’ಯನ್ನು ನಿರ್ದೇಶಿಸಿದರು. ಸಂಸ್ಕೃತ ಭಾಷೆಯ ಮೊದಲ ಕಥಾಚಿತ್ರವಾದ ‘ಆದಿ ಶಂಕರಾಚಾರ್ಯ’ ಅವರಿಗೆ ಅತ್ಯುತ್ತಮ ಚಿತ್ರಕಥೆಯ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು. ಖಾದಿ ಉಟ್ಟು, ಪಾದರಕ್ಷೆಯಿಲ್ಲದೆ ಓಡಾಡುತ್ತಿದ್ದ ಕಾರಣ ಅವರನ್ನು ಬರಿಗಾಲ ನಿರ್ದೇಶಕರೆಂದು ಕರೆಯುವುದು ರೂಢಿಯಾಗಿತ್ತು.

ಜನನ ಮತ್ತು ರಂಗಭೂಮಿಯ ಶಿಕ್ಷಣ

ಅಯ್ಯರ್ ಅವರು ಹುಟ್ಟಿದ್ದು ಮೈಸೂರು ಜಿಲ್ಲೆಯ ನಂಜನಗೂಡಿನಲ್ಲಿ. ಕಪಿಲಾ ನದಿಯ ದಡದ ಈ ಊರು ಶ್ರೀಕಂಠೇಶ್ವರ ದೇವಾಲಯಕ್ಕೆ ಹೆಸರಾದುದು. ಎಂಟನೆಯ ವಯಸ್ಸಿನಲ್ಲಿಯೇ ಅವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ವೀರಣ್ಣನವರ ಕಾಲದಲ್ಲಿ ಕನ್ನಡ ನಾಡಿನ ಅತಿ ದೊಡ್ಡ ವೃತ್ತಿನಾಟಕ ಸಂಸ್ಥೆಗಳಲ್ಲಿ ಒಂದಾಗಿ ಬೆಳೆದಿತ್ತು. ರಾಜ್‌ಕುಮಾರ್, ನರಸಿಂಹರಾಜು, ಬಿ. ವಿ. ಕಾರಂತ ಮೊದಲಾದವರೆಲ್ಲ ಈ ಕಂಪನಿಯ ಅನ್ನ ಉಂಡು ಬೆಳೆದವರೇ.

ಶಾಲೆಯಲ್ಲಿ ಕಲಿಯಬೇಕಾದುದನ್ನು ಅಯ್ಯರ್ ಅವರು ರಂಗದ ಮೇಲೆ ಕಲಿತರು. ಕಂಪನಿ ನಾಟಕದಲ್ಲಿ ಧ್ವನಿವರ್ಧಕದ ನೆರವು ಕಡಿಮೆ. ಮಾತು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಬೇಕು, ಕೇಳಿದೊಡನೆ ಅರ್ಥವಾಗಬೇಕು, ಹಾಡಿಗೆ ಎಡೆ ಮಾಡಿಕೊಡಬೇಕು. ಪುರಾಣ ಮತ್ತು ಇತಿಹಾಸದ ಕಥೆಗಳನ್ನು ಸಾಮಾನ್ಯ ಜನರಿಗೆ ಮುಟ್ಟಿಸುವ ಈ ಕ್ರಮವೇ ಮುಂದೆ ಅವರ ಚಿತ್ರಸಾಹಿತ್ಯಕ್ಕೆ ಆಧಾರವಾಯಿತು.

ಚಲನಚಿತ್ರರಂಗ ಪ್ರವೇಶ

1943ರಲ್ಲಿ ತೆರೆಕಂಡ ‘ರಾಧಾರಮಣ’ ಚಿತ್ರದಲ್ಲಿ ನಟನಾಗಿ ಅಯ್ಯರ್ ಅವರು ಚಿತ್ರರಂಗವನ್ನು ಪ್ರವೇಶಿಸಿದರು. ಟಿ. ಎನ್. ಬಾಲಕೃಷ್ಣ ಅವರೂ ಅದೇ ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. 1954ರಲ್ಲಿ ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಬಿಡುಗಡೆಯಾಯಿತು. ಗುಬ್ಬಿ ಕಂಪನಿಯ ರಂಗದ ಮೇಲೆ ಹೆಸರು ಮಾಡಿದ್ದ ಅಯ್ಯರ್ ಅವರ ನಾಟಕವೇ ಈ ಚಿತ್ರಕ್ಕೆ ಮೂಲ. ರಾಜ್‌ಕುಮಾರ್ ಅವರು ನಾಯಕನಟರಾದ ಮೊದಲ ಚಿತ್ರವೂ ಇದೇ. ಅಯ್ಯರ್ ಮತ್ತು ನರಸಿಂಹರಾಜು ಅವರೂ ಇದರಲ್ಲಿ ಪಾತ್ರ ವಹಿಸಿದರು. ಹೀಗೆ ಕನ್ನಡ ಚಿತ್ರರಂಗವನ್ನು ಮುಂದೆ ದಶಕಗಳ ಕಾಲ ಹೊತ್ತು ನಡೆದ ಹಲವರು ಒಂದೇ ಚಿತ್ರದಲ್ಲಿ ಒಟ್ಟಿಗೆ ಕಾಣಿಸಿಕೊಂಡರು.

ಆ ಕಾಲದಲ್ಲಿ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ವರ್ಷಕ್ಕೆ ತೆರೆಕಾಣುತ್ತಿದ್ದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು ಮಾತ್ರ. ಚಿತ್ರಕಥೆ, ಸಂಭಾಷಣೆ ಮತ್ತು ಗೀತೆ ಈ ಮೂರನ್ನೂ ಒಬ್ಬರೇ ಬರೆಯುವುದು ಅಂದಿನ ವಾಡಿಕೆ. ಈ ಮೂರೂ ಹೊಣೆಗಳನ್ನು ಒಟ್ಟಿಗೆ ನಿಭಾಯಿಸಬಲ್ಲವರನ್ನು ಚಿತ್ರಸಾಹಿತಿ ಎಂದು ಕರೆಯುತ್ತಿದ್ದರು. ಹುಣಸೂರು ಕೃಷ್ಣಮೂರ್ತಿ ಮತ್ತು ಕು. ರಾ. ಸೀತಾರಾಮಶಾಸ್ತ್ರಿ ಅವರ ಜೊತೆಯಲ್ಲಿ ಅಯ್ಯರ್ ಅವರು ಈ ಪರಂಪರೆಯ ಪ್ರಮುಖರಾದರು.

ಜಗಜ್ಯೋತಿ ಬಸವೇಶ್ವರ

ಟಿ. ವಿ. ಸಿಂಗ್ ಠಾಕೂರ್ ನಿರ್ದೇಶನದ ‘ಜಗಜ್ಯೋತಿ ಬಸವೇಶ್ವರ’ 1959ರಲ್ಲಿ ಬಿಡುಗಡೆಯಾಯಿತು. ಅಯ್ಯರ್ ಅವರು ಇದರ ಸಾಹಿತ್ಯವನ್ನು ರಚಿಸಿದರು. ಹೊನ್ನಪ್ಪ ಭಾಗವತರ್ ಬಸವಣ್ಣನಾಗಿಯೂ ರಾಜ್‌ಕುಮಾರ್ ಬಿಜ್ಜಳನಾಗಿಯೂ ಅಭಿನಯಿಸಿದರು. 7ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಕನ್ನಡದ ಅತ್ಯುತ್ತಮ ಚಿತ್ರವೆಂಬ ಗೌರವಕ್ಕೆ ಪಾತ್ರವಾಯಿತು.

ಚಿತ್ರದ ಕಥೆ ನಡೆಯುವ ಹನ್ನೆರಡನೆಯ ಶತಮಾನದ ಕಲ್ಯಾಣ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಈ ಚಿತ್ರ ಬಂದ ಕಾಲವನ್ನು ಗಮನಿಸಿದರೆ ಅದರ ಮಹತ್ವ ಹೆಚ್ಚು ಸ್ಪಷ್ಟವಾಗುತ್ತದೆ. ಬೀದರ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಬಳಿಕ 1956ರವರೆಗೆ ಹೈದರಾಬಾದು ರಾಜ್ಯದ ಭಾಗವಾಗಿತ್ತು. ನಿಜಾಮರ ಕಾಲದಲ್ಲಿ ಆಡಳಿತ ಮತ್ತು ಶಿಕ್ಷಣದ ಭಾಷೆ ಉರ್ದು. ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠವನ್ನೇರಿದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದುದು ಆ ಕಾಲದ ಸ್ಥಿತಿಗೆ ಸಾಕ್ಷಿ. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪ ತಲೆಯೆತ್ತಲು ಕಾರಣರಾದವರೂ ಅವರೇ.

1956ರ ನವೆಂಬರ್ 1ರಂದು ಭಾಷಾವಾರು ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉಳಿದ ಭಾಗಗಳು ಮುಂಬಯಿ ಮತ್ತು ಆಂಧ್ರಪ್ರದೇಶ ರಾಜ್ಯಗಳಿಗೆ ಹೋದವು. ಇದಾದ ಮೂರು ವರ್ಷಗಳಲ್ಲಿ ‘ಜಗಜ್ಯೋತಿ ಬಸವೇಶ್ವರ’ ತೆರೆಗೆ ಬಂದಿತು. ದಕ್ಷಿಣದ ತುದಿಯ ನಂಜನಗೂಡಿನವರು ಉತ್ತರದ ತುದಿಯ ಕಲ್ಯಾಣದ ಕಥೆಯನ್ನು ಬರೆದರು. ಹೊಸದಾಗಿ ಒಂದಾದ ನಾಡಿಗೆ ಎಲ್ಲರೂ ತಮ್ಮದೆನ್ನಬಹುದಾದ ಚರಿತ್ರೆಯೊಂದನ್ನು ಸಿನಿಮಾ ಈ ಬಗೆಯಲ್ಲಿ ತೋರಿಸಿಕೊಟ್ಟಿತು. ಬಸವಣ್ಣ ಮತ್ತು ಬಿಜ್ಜಳರ ನಡುವಿನ ಸಂಘರ್ಷದಲ್ಲಿ ಭಕ್ತಿ ಹಾಗೂ ಅಧಿಕಾರಗಳು ಎದುರುಬದುರಾಗುತ್ತವೆ. ವಚನಗಳ ಭಾಷೆಯೇ ಆಡುಮಾತಿಗೆ ಹತ್ತಿರವಾದುದರಿಂದ ಅವುಗಳ ಪಕ್ಕದಲ್ಲಿ ನಿಲ್ಲುವ ಸಂಭಾಷಣೆಯನ್ನು ಬರೆಯುವುದು ಯಾವ ಚಿತ್ರಸಾಹಿತಿಗೂ ಸುಲಭದ ಕೆಲಸವಲ್ಲ.

ಕಲಾವಿದರ ಸಂಘ ಮತ್ತು ರಣಧೀರ ಕಂಠೀರವ

1950ರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳ ನಿರ್ಮಾಣ ಕುಂಠಿತವಾಗಿ, ಕಲಾವಿದರಿಗೆ ಕೆಲಸವೇ ದುರ್ಲಭವಾಯಿತು. ಈ ಸಂಕಷ್ಟದಲ್ಲಿ ಅಯ್ಯರ್, ರಾಜ್‌ಕುಮಾರ್, ಬಾಲಕೃಷ್ಣ ಮತ್ತು ನರಸಿಂಹರಾಜು ಅವರು ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಸಂಘದ ಸದಸ್ಯರು ಊರೂರು ಸುತ್ತಿ ನಾಟಕಗಳನ್ನು ಆಡಿದರು. ಸಿನಿಮಾ ಕೈಬಿಟ್ಟಾಗ ಅವರನ್ನು ಕಾಪಾಡಿದುದು ಹಳೆಯ ರಂಗಭೂಮಿಯೇ.

ಸಂಘದ ಹೆಸರಿನಲ್ಲಿಯೇ 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ತಯಾರಾಯಿತು. ಎನ್. ಸಿ. ರಾಜನ್ ನಿರ್ದೇಶಕರು, ಸಾಹಿತ್ಯ ಅಯ್ಯರ್ ಅವರದು. 1638ರಿಂದ 1659ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಜೀವನವನ್ನು ಆಧರಿಸಿದ ಈ ಚಿತ್ರ ಕನ್ನಡದ ಐತಿಹಾಸಿಕ ಚಿತ್ರಗಳಿಗೆ ಮಾದರಿಯಾಯಿತು. ಅದೇ ವರ್ಷ ಪಿ. ಜಿ. ಮೋಹನ್ ನಿರ್ದೇಶನದ ‘ದಶಾವತಾರ’ಕ್ಕೂ ಅಯ್ಯರ್ ಅವರೇ ಬರೆದರು. 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ರಾಜ್‌ಕುಮಾರ್ ಅಂಧ ಗಾಯಕನ ಪಾತ್ರ ವಹಿಸಿದರು. ಕನ್ನಡಿಗರೆಲ್ಲರೂ ಒಗ್ಗೂಡಬೇಕೆಂದು ಕರೆ ನೀಡುವ ಅಯ್ಯರ್ ಅವರ ಗೀತೆಯೊಂದು ಈ ಚಿತ್ರದಲ್ಲಿದೆ. ಜಿ. ಕೆ. ವೆಂಕಟೇಶ್ ಸಂಗೀತ ನೀಡಿ ತಾವೇ ಹಾಡಿರುವ ಆ ಗೀತೆಯನ್ನು ರಾಜ್ಯೋತ್ಸವದ ಸಮಾರಂಭಗಳಲ್ಲಿ ಇಂದಿಗೂ ಕೇಳಬಹುದು.

ನಿರ್ದೇಶಕರಾಗಿ

1962ರಲ್ಲಿ ಅಯ್ಯರ್ ಅವರು ನಿರ್ದೇಶಿಸಿದ ‘ಭೂದಾನ’ ತೆರೆಕಂಡಿತು. ಆಚಾರ್ಯ ವಿನೋಬಾ ಭಾವೆಯವರು 1951ರಲ್ಲಿ ಪೋಚಂಪಲ್ಲಿಯಲ್ಲಿ ಆರಂಭಿಸಿದ ಭೂದಾನ ಚಳವಳಿಯ ಹೆಸರನ್ನೇ ಚಿತ್ರ ಹೊತ್ತಿದೆ. ನಲ್ಗೊಂಡ ಜಿಲ್ಲೆಯ ಆ ಹಳ್ಳಿಯೂ ಬೀದರಿನಂತೆ ಅಂದು ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಭೂಹೀನ ದುಡಿಮೆಗಾರರ ಬವಣೆಯನ್ನು ವಸ್ತುವಾಗಿಸಿಕೊಂಡ ಈ ಚಿತ್ರದಲ್ಲಿ ರಾಜ್‌ಕುಮಾರ್, ಕಲ್ಯಾಣ್‌ಕುಮಾರ್ ಮತ್ತು ಉದಯಕುಮಾರ್ ಮೂವರೂ ಒಟ್ಟಿಗೆ ಅಭಿನಯಿಸಿದರು. ಪುರಾಣ ಮತ್ತು ಇತಿಹಾಸಗಳಿಂದ ಹೊರಬಂದು ಸಮಕಾಲೀನ ಸಮಸ್ಯೆಯತ್ತ ಅಯ್ಯರ್ ಅವರು ತಿರುಗಿದುದಕ್ಕೆ ಇದು ನಿದರ್ಶನ.

ಅನಂತರ ‘ತಾಯಿ ಕರುಳು’, ‘ಲಾಯರ್ ಮಗಳು’, ‘ಬಂಗಾರಿ’, ‘ಪೋಸ್ಟ್ ಮಾಸ್ಟರ್’, ‘ಕಿಲಾಡಿ ರಂಗ’, ‘ರಾಜಶೇಖರ’, ‘ಮೈಸೂರು ಟಾಂಗ’ ಮುಂತಾದ ಚಿತ್ರಗಳನ್ನು ಅವರು ನಿರ್ದೇಶಿಸಿದರು. ಇವುಗಳಲ್ಲಿ ಬಹುಪಾಲು ಜನಪ್ರಿಯ ಮಾದರಿಯ ಚಿತ್ರಗಳು.

ಹೊಸ ಅಲೆಯ ಕಾಲ

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಚಿತ್ರದೊಂದಿಗೆ ಕನ್ನಡದಲ್ಲಿ ಹೊಸ ಅಲೆಯ ಸಿನಿಮಾ ಆರಂಭವಾಯಿತು. ಜನಪ್ರಿಯ ಚಿತ್ರರಂಗದ ಹಿರಿಯರಲ್ಲಿ ಅನೇಕರು ಅದರಿಂದ ದೂರ ಉಳಿದರು. ಐವತ್ತರ ಗಡಿ ದಾಟಿದ್ದ ಅಯ್ಯರ್ ಅವರು ಮಾತ್ರ ಹೊಸಬರ ಜೊತೆ ನಿಂತರು. ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿದ ‘ವಂಶವೃಕ್ಷ’ವನ್ನು 1971ರಲ್ಲಿ ನಿರ್ಮಿಸಿ, ನಿರ್ದೇಶನವನ್ನು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರಿಗೆ ವಹಿಸಿದರು. ಇವರಲ್ಲಿ ಕಾರಂತರು ಅಯ್ಯರ್ ಅವರಂತೆಯೇ ಬಾಲ್ಯದಲ್ಲಿ ಗುಬ್ಬಿ ಕಂಪನಿಯನ್ನು ಸೇರಿದವರು. ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳ ಮನೆ ಇರುವುದು ಅಯ್ಯರ್ ಅವರ ಹುಟ್ಟೂರಾದ ನಂಜನಗೂಡಿನಲ್ಲಿಯೇ. ಈ ಚಿತ್ರಕ್ಕಾಗಿ ಇಬ್ಬರು ನಿರ್ದೇಶಕರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು.

1975ರಲ್ಲಿ ತ. ರಾ. ಸುಬ್ಬರಾಯರ ಕಾದಂಬರಿಯನ್ನು ಆಧರಿಸಿ ಅಯ್ಯರ್ ಅವರು ‘ಹಂಸಗೀತೆ’ಯನ್ನು ನಿರ್ದೇಶಿಸಿದರು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ ಇದು. ಆಳುವವರ ಆಜ್ಞೆಗೆ ಮಣಿದು ಹಾಡುವುದಕ್ಕಿಂತ ನಾಲಗೆಯನ್ನೇ ಕತ್ತರಿಸಿಕೊಂಡನೆಂಬ ಐತಿಹ್ಯ ಆತನ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಅನಂತನಾಗ್ ಮುಖ್ಯಪಾತ್ರದಲ್ಲಿ ಅಭಿನಯಿಸಿದರು. ಹಿಂದೆ ಮಾತನ್ನೇ ನಂಬಿ ಬರೆದಿದ್ದ ಅಯ್ಯರ್ ಅವರು ಇಲ್ಲಿ ಸಂಗೀತಕ್ಕೂ ಮೌನಕ್ಕೂ ಹೆಚ್ಚು ಎಡೆ ಕೊಟ್ಟರು. ಚಿತ್ರವು ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಗಳಿಸಿತು. ಎಂ. ಬಾಲಮುರಳಿಕೃಷ್ಣ ಅವರಿಗೆ ಇದೇ ಚಿತ್ರಕ್ಕಾಗಿ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಲಭಿಸಿತು.

ಆಚಾರ್ಯರ ಚಿತ್ರಗಳು

1983ರ ‘ಆದಿ ಶಂಕರಾಚಾರ್ಯ’ ಅಯ್ಯರ್ ಅವರ ಚಿತ್ರಜೀವನದ ಬಹು ದೊಡ್ಡ ಸಾಹಸ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಇದನ್ನು ನಿರ್ಮಿಸಿತು. ಶಂಕರರ ಪಾತ್ರವನ್ನು ಸರ್ವದಮನ್ ಬ್ಯಾನರ್ಜಿ ವಹಿಸಿದರು. ಸಂಸ್ಕೃತವನ್ನು ಮನೆಮಾತಾಗಿ ಆಡುವವರು ತೀರ ವಿರಳ. ಆ ಭಾಷೆಯಲ್ಲಿ ಚಿತ್ರ ತೆಗೆಯುವುದೆಂದರೆ ಮಾರುಕಟ್ಟೆಯ ಆಸೆಯನ್ನು ಬಿಟ್ಟಂತೆಯೇ. ಮಾತು ಅರ್ಥವಾಗದ ಪ್ರೇಕ್ಷಕನಿಗೂ ತತ್ತ್ವವನ್ನು ಮುಟ್ಟಿಸುವ ಹೊಣೆ ಚಿತ್ರಕಥೆಯ ಮೇಲೆ ಬಿದ್ದಿತು. ಅಯ್ಯರ್ ಅವರು ಪ್ರಜ್ಞಾನ ಮತ್ತು ಮೃತ್ಯು ಎಂಬ ಎರಡು ಪರಿಕಲ್ಪನೆಗಳಿಗೆ ಮನುಷ್ಯರೂಪ ಕೊಟ್ಟು, ಅವರನ್ನು ಶಂಕರರ ಸಂಗಾತಿಗಳಾಗಿ ಚಿತ್ರಿಸಿದರು. ಅಮೂರ್ತವಾದುದನ್ನು ಪಾತ್ರವಾಗಿಸುವ ಈ ಉಪಾಯದ ಬೇರು ಕಂಪನಿ ನಾಟಕದ ಪರಂಪರೆಯಲ್ಲಿದೆ ಎನ್ನಬಹುದು. 31ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರವು ಅತ್ಯುತ್ತಮ ಚಿತ್ರ, ಚಿತ್ರಕಥೆ, ಛಾಯಾಗ್ರಹಣ ಮತ್ತು ಧ್ವನಿಗ್ರಹಣ ಎಂಬ ನಾಲ್ಕು ಪ್ರಶಸ್ತಿಗಳನ್ನು ಪಡೆಯಿತು. ಛಾಯಾಗ್ರಾಹಕರು ಮಧು ಅಂಬಾಟ್.

ಬಳಿಕ ಕನ್ನಡದಲ್ಲಿ ‘ಮಧ್ವಾಚಾರ್ಯ’ (1986) ಮತ್ತು ತಮಿಳಿನಲ್ಲಿ ‘ರಾಮಾನುಜಾಚಾರ್ಯ’ (1989) ಬಂದವು. ಅದ್ವೈತ, ದ್ವೈತ, ವಿಶಿಷ್ಟಾದ್ವೈತ ಎಂಬ ಮೂರು ದರ್ಶನಗಳ ಆಚಾರ್ಯರನ್ನು ಮೂರು ಭಾಷೆಗಳಲ್ಲಿ ತೆರೆಗೆ ತಂದ ಈ ಕೆಲಸ ಅಪೂರ್ವವಾದುದು. 1993ರಲ್ಲಿ ಬಂದ ಸಂಸ್ಕೃತದ ‘ಭಗವದ್ಗೀತೆ’ಗೆ 40ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆಂಬ ಗೌರವ ದೊರೆಯಿತು. ‘ಸ್ವಾಮಿ ವಿವೇಕಾನಂದ’ (1998) ಚಿತ್ರದಲ್ಲಿ ರಾಮಕೃಷ್ಣ ಪರಮಹಂಸರ ಪಾತ್ರ ವಹಿಸಿದ ಮಿಥುನ್ ಚಕ್ರವರ್ತಿ ಅವರು ಅತ್ಯುತ್ತಮ ಪೋಷಕ ನಟ ಪ್ರಶಸ್ತಿಯನ್ನು ಪಡೆದರು.

ಬರವಣಿಗೆಯ ವೈಶಿಷ್ಟ್ಯ

ಅಯ್ಯರ್ ಅವರ ಬರವಣಿಗೆಯನ್ನು ಎರಡು ಘಟ್ಟಗಳಾಗಿ ವಿಂಗಡಿಸಬಹುದು. ಮೊದಲನೆಯ ಘಟ್ಟದಲ್ಲಿ ಮಾತೇ ಪ್ರಧಾನ. ಕನ್ನಡ ಸಿನಿಮಾಕ್ಕೆ ತನ್ನದೇ ಆದ ಮಾತಿನ ಧಾಟಿ ಇನ್ನೂ ರೂಪುಗೊಳ್ಳುತ್ತಿದ್ದ ಆ ದಿನಗಳಲ್ಲಿ, ಗ್ರಾಂಥಿಕವೂ ಅಲ್ಲದ, ಒಂದೇ ಪ್ರಾಂತ್ಯದ ಆಡುನುಡಿಯೂ ಅಲ್ಲದ ಭಾಷೆಯೊಂದು ಬೇಕಾಗಿತ್ತು. ಅದನ್ನು ಕಟ್ಟಿದವರಲ್ಲಿ ಅಯ್ಯರ್ ಒಬ್ಬರು. ಎರಡನೆಯ ಘಟ್ಟದಲ್ಲಿ ಮಾತು ಹಿಂದೆ ಸರಿದು ದೃಶ್ಯ ಮತ್ತು ನಾದಗಳು ಮುಂದೆ ಬರುತ್ತವೆ.

ಎರಡೂ ಘಟ್ಟಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಯಶಸ್ಸು ದೊರೆತ ಮಾದರಿಯಲ್ಲಿಯೇ ಅವರು ಉಳಿಯಲಿಲ್ಲ. ನಾಟಕದಿಂದ ಸಿನಿಮಾಕ್ಕೆ, ಪುರಾಣದಿಂದ ಸಾಮಾಜಿಕಕ್ಕೆ, ಜನಪ್ರಿಯ ಚಿತ್ರದಿಂದ ಹೊಸ ಅಲೆಗೆ, ಅಲ್ಲಿಂದ ತತ್ತ್ವಜ್ಞಾನಕ್ಕೆ ಅವರು ದಾಟುತ್ತಲೇ ಹೋದರು. ಪ್ರತಿ ಬಾರಿಯೂ ತಮ್ಮ ಪ್ರೇಕ್ಷಕರಲ್ಲಿ ಕೆಲವರನ್ನು ಕಳೆದುಕೊಳ್ಳುವ ಅಪಾಯ ಅದರಲ್ಲಿತ್ತು. ಕೊನೆಯ ಚಿತ್ರಗಳು ಪ್ರಶಸ್ತಿ ಗಳಿಸಿದಷ್ಟು ಜನರನ್ನು ತಲುಪಲಿಲ್ಲ ಎಂಬುದೂ ನಿಜ. ಆದರೆ ಕಲಾವಿದರ ಸಂಘದ ದಿನಗಳಲ್ಲಿ ಹಳ್ಳಿಹಳ್ಳಿ ತಿರುಗಿದವರಿಗೆ ಜನರ ಅಭಿರುಚಿಯ ಅರಿವು ಇರಲಿಲ್ಲವೆಂದು ಹೇಳಲಾಗದು. ತಿಳಿದೂ ಅವರು ಕಠಿನವಾದ ದಾರಿಯನ್ನು ಆರಿಸಿಕೊಂಡರು.

ನಿಧನ

ಜೀವನದ ಕೊನೆಯ ವರ್ಷಗಳಲ್ಲಿ ಅಯ್ಯರ್ ಅವರು ರಾಮಾಯಣವನ್ನು ಚಿತ್ರವಾಗಿಸುವ ಸಿದ್ಧತೆಯಲ್ಲಿದ್ದರು. ಅದು ಕೈಗೂಡುವ ಮೊದಲೇ, 2003ರ ಡಿಸೆಂಬರ್ 21ರಂದು, ತಮ್ಮ 86ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು. ‘ಬೇಡರ ಕಣ್ಣಪ್ಪ’ದಿಂದ ‘ಸ್ವಾಮಿ ವಿವೇಕಾನಂದ’ದವರೆಗಿನ ಅವರ ಕೆಲಸದಲ್ಲಿ ಕನ್ನಡ ಸಿನಿಮಾ ನಡೆದುಬಂದ ಹಾದಿಯ ಬಹುಭಾಗ ಅಡಕವಾಗಿದೆ.

ಆಯ್ದ ಚಿತ್ರಗಳು

ಸಾಹಿತ್ಯ: ಜಗಜ್ಯೋತಿ ಬಸವೇಶ್ವರ (1959), ರಣಧೀರ ಕಂಠೀರವ (1960), ದಶಾವತಾರ (1960), ಕಣ್ತೆರೆದು ನೋಡು (1961)

ನಿರ್ಮಾಣ: ವಂಶವೃಕ್ಷ (1971)

ನಿರ್ದೇಶನ: ಭೂದಾನ (1962), ತಾಯಿ ಕರುಳು (1962), ಲಾಯರ್ ಮಗಳು (1963), ಪೋಸ್ಟ್ ಮಾಸ್ಟರ್ (1964), ಕಿಲಾಡಿ ರಂಗ (1966), ರಾಜಶೇಖರ (1967), ಮೈಸೂರು ಟಾಂಗ (1968), ಹಂಸಗೀತೆ (1975), ಆದಿ ಶಂಕರಾಚಾರ್ಯ (1983), ಮಧ್ವಾಚಾರ್ಯ (1986), ರಾಮಾನುಜಾಚಾರ್ಯ (1989), ಭಗವದ್ಗೀತೆ (1993), ಸ್ವಾಮಿ ವಿವೇಕಾನಂದ (1998)