ಶಾಫ್ಟ್ಸ್‌ಬರಿ ಪ್ರಭುವಿನ ಚರಿತ್ರೆ

ಹೊಲದಲ್ಲಿ ಕೂಲಿಮಾಡುವವನಿಗೆ ಸೂರ್ಯನೇ ಗಡಿಯಾರವು. ಒಡೆಯನು ಎಷ್ಟೇ ಕಠಿಣನಾದರೂ ಹೊತ್ತು ಮುಳುಗುವದನ್ನು ತಡೆಯಲಾರನು. ಆದರೆ ಇಂಗ್ಲೆಂಡಿನಲ್ಲಿ ನೂಲಿನ ಗಿರಣಿಗಳು ಹೆಚ್ಚಿದಾಗ ದೀಪಗಳು ರಾತ್ರಿಯನ್ನು ಹಗಲಾಗಿ ಮಾಡಿದವು. ಗಡಿಯಾರವೋ ಯಜಮಾನನ ಗೋಡೆಯ ಮೇಲಿತ್ತು. ಕೆಲವು ಗಿರಣಿಗಳಲ್ಲಿ ಅದರ ಮುಳ್ಳನ್ನು ಮುಂಜಾನೆ ಮುಂದಕ್ಕೂ ಸಾಯಂಕಾಲ ಹಿಂದಕ್ಕೂ ತಿರುಗಿಸುತ್ತಿದ್ದರೆಂದು ಕೂಲಿಯವರು ಸಾಕ್ಷಿ ಹೇಳಿದ್ದಾರೆ. ಎಳೆಯ ಮಕ್ಕಳು ದಿನಕ್ಕೆ 12, 14 ಘಂಟೆ ನಿಂತುಕೊಂಡು ಹರಿದ ನೂಲನ್ನು ಕೂಡಿಸುತ್ತಿದ್ದರು.

ಇವರ ಪಕ್ಷ ಹಿಡಿದ ಅಂತೋನಿ ಆಶ್ಲಿ ಕೂಪರನು 1801ನೇ ಏಪ್ರಿಲ್ 28ರಲ್ಲಿ ಲಂಡನಿನ ದೊಡ್ಡ ಮನೆತನದಲ್ಲಿ ಹುಟ್ಟಿದನು. ಐಶ್ವರ್ಯವಿದ್ದರೂ ತಾಯಿತಂದೆಗಳ ಪ್ರೀತಿ ಅವನಿಗೆ ದೊರೆಯಲಿಲ್ಲ. ಮರಿಯಾ ಮಿಲ್ಲಿಸ್ ಎಂಬ ಸೇವಕಿಯೇ ಅವನಿಗೆ ಪ್ರಾರ್ಥನೆಯನ್ನು ಕಲಿಸಿದಳು. ಅವನು ಬಾಲಕನಾಗಿರುವಾಗಲೇ ಆಕೆ ತೀರಿಹೋದಳು. ತನ್ನ ಚಿನ್ನದ ಗಡಿಯಾರವನ್ನು ಅವನಿಗೆ ಬಿಟ್ಟಿದ್ದಳು. ಆತನು ದೊಡ್ಡ ಪ್ರಭುವಾದ ಮೇಲೂ ದಾಸಿಯ ಆ ಗಡಿಯಾರವನ್ನೇ ಧರಿಸಿ ನಡೆದನು.

1826ರಲ್ಲಿ ಆತನು ಪಾರ್ಲಿಮೆಂಟು ಸಭೆಯನ್ನು ಸೇರಿದನು. 1833ರಲ್ಲಿ ಜಾರ್ಜ್ ಬುಲ್ ಎಂಬ ಬೋಧಕನು ಗಿರಣಿಯವರ ಪರವಾಗಿ ಬಂದು, ದಿನಕ್ಕೆ 10 ಘಂಟೆ ಕೆಲಸವೆಂಬ ಮಸೂದೆಯನ್ನು ಎತ್ತಿಕೊಳ್ಳಬೇಕೆಂದು ಬೇಡಿದನು. ಆತನು ಒಪ್ಪಿದನು. ಗಿರಣಿಯ ಯಜಮಾನರು ಸುಮ್ಮನಿರಲಿಲ್ಲ. ಕೆಲಸ ತಗ್ಗಿದರೆ ವ್ಯಾಪಾರ ಕೆಟ್ಟು ಕೂಲಿಯವರೇ ಉಪವಾಸ ಬೀಳುವರೆಂದು ಹೆದರಿಸಿದರು. ಆ ವರುಷದ ಕಾಯಿದೆಯು 9 ವರುಷದೊಳಗಿನ ಮಕ್ಕಳನ್ನು ಹೆಚ್ಚಿನ ನೂಲು ಗಿರಣಿಗಳಿಂದ ಬಿಡಿಸಿತು; ಹತ್ತು ಘಂಟೆಯ ಮಾತು ಉಳಿಯಿತು. 1842ರಲ್ಲಿ ಹೆಂಗಸರನ್ನೂ 10 ವರುಷದೊಳಗಿನ ಹುಡುಗರನ್ನೂ ಗಣಿಗಳ ಒಳಗೆ ದುಡಿಸಬಾರದೆಂಬ ಕಾಯಿದೆಯನ್ನು ಆತನು ಮಾಡಿಸಿದನು. 1844ರ ಕಾಯಿದೆಯಲ್ಲಿ ಒಂದು ಸಣ್ಣ ನಿಯಮವಿತ್ತು: ಗಿರಣಿಯ ಹೊತ್ತನ್ನು ಊರಿನ ಸಾರ್ವಜನಿಕ ಗಡಿಯಾರದಿಂದ ಎಣಿಸಬೇಕು. ನನ್ನ ಎಣಿಕೆಯಲ್ಲಿ ಇದು ಸಣ್ಣದಲ್ಲ. ಮುಳ್ಳು ಯಜಮಾನನ ಕೈಯಿಂದ ತಪ್ಪಿತು.

1846ರಲ್ಲಿ ಧಾನ್ಯದ ಸುಂಕದ ವಿಷಯದಲ್ಲಿ ಆತನ ಮನಸ್ಸು ಬದಲಾಯಿತು. ತನ್ನನ್ನು ಆರಿಸಿದವರಿಗೆ ಮೋಸವಾಗಬಾರದೆಂದು ಸ್ಥಾನವನ್ನು ಬಿಟ್ಟುಕೊಟ್ಟನು. ಆದದರಿಂದ 1847ರಲ್ಲಿ ಹತ್ತು ಘಂಟೆಯ ಕಾಯಿದೆ ಸಿದ್ಧಿಸಿದಾಗ ಆತನು ಸಭೆಯ ಹೊರಗಿದ್ದನು. ಜಾನ್ ಫೀಲ್ಡನ್ ಎಂಬ ಗಿರಣಿಯ ಒಡೆಯನೇ ಅದನ್ನು ನಡಿಸಿದನು. ಹೆಂಗಸರಿಗೂ 13ರಿಂದ 18 ವರುಷದವರಿಗೂ ಅದು ಅನ್ವಯಿಸಿತು. ಯಜಮಾನರು ಸರದಿಯ ಮೇಲೆ ಕೆಲಸಮಾಡಿಸಿ ಕಾಯಿದೆಯನ್ನು ಜಾರಿಸಿಕೊಂಡರು. 1850ರಲ್ಲಿ ಹತ್ತೂವರೆ ಘಂಟೆಗೆ ಆತನು ಒಪ್ಪಿದ್ದರಿಂದ ಅನೇಕ ಕೂಲಿಯವರೇ ಅವನನ್ನು ದ್ರೋಹಿಯೆಂದು ಜರೆದರು. ಆದರೂ ಸಾಯಂಕಾಲ 6ಕ್ಕೂ ಶನಿವಾರ 2 ಘಂಟೆಗೂ ಕೆಲಸ ನಿಂತಿತು. ತಾಯಂದಿರು ಬೆಳಕಿರುವಾಗಲೇ ಮನೆಗೆ ಬಂದು ಹೊಲಿಗೆ ಹಾಕಿದರು. ಕೆಲವರು ರಾತ್ರಿಶಾಲೆಗೆ ಹೋದರು.

ಆತನ ಕೊರತೆಯನ್ನು ಮುಚ್ಚುವದು ಸರಿಯಲ್ಲ. ಬಡವರಿಗೆ ಬಿಡುವು ಬೇಕೆಂದವನು ಅವರಿಗೆ ಮತದ ಹಕ್ಕು ಬೇಕೆನ್ನಲಿಲ್ಲ. ಕೂಲಿಯವರ ಸಂಘಗಳನ್ನೂ ನಂಬಲಿಲ್ಲ. ತಂದೆಯಂತೆ ಕೊಡಬೇಕೆಂದಿದ್ದನು; ಅವರೇ ಕೇಳಿ ತೆಗೆದುಕೊಳ್ಳುವದು ಅವನಿಗೆ ಹಿಡಿಸಲಿಲ್ಲ. ಮುದಿತನದಲ್ಲಿ ನಮ್ಮ ಹಿಂದೂದೇಶದ ಗಿರಣಿಯ ಮಕ್ಕಳಿಗಾಗಿಯೂ ಮಾತಾಡಿದನು. ಇಲ್ಲಿ 1881ರಲ್ಲಿ ಬಂದ ಮೊದಲನೇ ಕಾಯಿದೆಯು 7 ವರುಷದೊಳಗಿನವರನ್ನು ಮಾತ್ರ ಬಿಡಿಸಿತು.

1885ನೇ ಅಕ್ಟೋಬರ್ 1ರಲ್ಲಿ ಆತನು ತೀರಿಕೊಂಡನು. 8ರಲ್ಲಿ ಲಂಡನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯಕ್ಕೆ ಶವವನ್ನು ತರುವಾಗ ಬೀದಿಯ ಇಕ್ಕೆಲಗಳಲ್ಲಿ ಬಡವರು ಕಿಕ್ಕಿರಿದು ನಿಂತಿದ್ದರು. ಅದು ಗುರುವಾರ, ಕೆಲಸದ ದಿವಸವಾಗಿತ್ತು.