ಪ್ರೊ|| ಮೇಘನಾದ ಸಾಹಾ

ಡಾಕ್ಟರ್ ಪದವಿ ಪಡೆದವರೂ ಮತ್ತೊಬ್ಬರ ಪ್ರಯೋಗಶಾಲೆಯಲ್ಲಿ ಶಿಷ್ಯರಾಗಿ ನಿಲ್ಲುವುದರಿಂದ ಸಂಶೋಧನೆ ಬೆಳೆಯುವುದೇ? ಸಾಹಾರವರ ಜೀವನವನ್ನು ಓದುವಾಗ ನನ್ನಲ್ಲಿ ಮೂಡಿದ ಪ್ರಶ್ನೆಯಿದು.

ಅವರು ಜನಿಸಿದುದು 1893ರಲ್ಲಿ, ಢಾಕಾ ಬಳಿಯ ಹಳ್ಳಿಯಲ್ಲಿ. ತಂದೆಯದು ಸಣ್ಣ ಅಂಗಡಿ. ವಿದ್ಯಾರ್ಥಿವೇತನದಿಂದಲೇ ಓದು. 1905ರಲ್ಲಿ ಗವರ್ನರರ ಭೇಟಿಯನ್ನು ಬಹಿಷ್ಕರಿಸಿದುದಕ್ಕೆ ಶಾಲೆಯೂ ಹೋಯಿತು, ವೇತನವೂ ಹೋಯಿತು. ಮನೆಯಲ್ಲಿ ಮೊದಲಿಗನಾಗಿ ಕಾಲೇಜು ಕಂಡ ನನ್ನಂಥವನಿಗೆ ಆ ಸಂಕಟ ಚೆನ್ನಾಗಿ ತಿಳಿಯುತ್ತದೆ.

1919ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿ ಬಂದಿತು. ಉಷ್ಣತೆ ಏರಿದಂತೆ ನಕ್ಷತ್ರಗಳ ಪರಮಾಣುಗಳು ಎಷ್ಟರಮಟ್ಟಿಗೆ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆಂಬ ಲೆಕ್ಕವನ್ನು ಅವರು ಕಲ್ಕತ್ತೆಯಲ್ಲಿಯೇ ಹಾಕಿದ್ದರು. ಬಳಿಕ ಲಂಡನ್ನಿನಲ್ಲಿ ಆಲ್ಫ್ರೆಡ್ ಫೌಲರರ ಪ್ರಯೋಗಶಾಲೆಯನ್ನು ಸೇರಿದರು. ನಕ್ಷತ್ರಗಳ ವರ್ಣಪಟಲಗಳ ಹೊಸ ಮಾಹಿತಿ, ಬಲ್ಲವರ ಟೀಕೆ, ಎರಡೂ ಅಲ್ಲಿ ದೊರೆತವು. ಜತೆಯಲ್ಲಿ ಒಯ್ದಿದ್ದ ಪ್ರಬಂಧವನ್ನು ತಿದ್ದಿ ಬರೆದರು. 1921ರಲ್ಲಿ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಬರ್ಲಿನ್ನಿನಲ್ಲಿ ನೆರ್ನ್‌ಸ್ಟರ ಬಳಿಯೂ ಕೆಲವು ಕಾಲ ಇದ್ದರು. ಬೀಜ ಕಲ್ಕತ್ತೆಯದೇ, ಆದರೆ ಲಂಡನ್ನಿನ ನೀರು ಸಿಗದಿದ್ದರೆ ಅದು ಅಷ್ಟು ಬೇಗ ಚಿಗುರುತ್ತಿರಲಿಲ್ಲವೆಂದು ನನ್ನ ಎಣಿಕೆ.

ಹಿಂದಿರುಗಿದ ಮೇಲಿನ ಕಥೆ ಬೇರೆ. 1923ರಲ್ಲಿ ಅಲಹಾಬಾದಿಗೆ ಬಂದರು. ಪಾಠದ ಹೊರೆ ಬಹಳ, ಉಪಕರಣ ಕಡಮೆ. ಇತ್ತ ಅವರು ಪ್ರಯೋಗಶಾಲೆ ಕಟ್ಟುತ್ತಿರುವಾಗಲೇ, ಅತ್ತ 1925ರಲ್ಲಿ ಹಾರ್ವರ್ಡಿನ ಸಿಸಿಲಿಯಾ ಪೇನ್ ಎಂಬ ತರುಣಿ ಸಾಹಾ ಸೂತ್ರವನ್ನೇ ಹಿಡಿದು ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಅಪಾರವೆಂಬ ಲೆಕ್ಕ ತೆಗೆದರು. ಕಲಿತು ಬಂದ ಕೈಗೆ ಊರಿನಲ್ಲಿ ಸಲಕರಣೆ ಇರಲಿಲ್ಲ!

ಸಾಹಾರವರು ಕೈಕಟ್ಟಿ ಕೂರಲಿಲ್ಲ. 1950ರಲ್ಲಿ ಕಲ್ಕತ್ತೆಯಲ್ಲಿ ಅವರ ಪರಮಾಣು ಸಂಶೋಧನಾ ಸಂಸ್ಥೆ ತೆರೆಯಿತು. 1956ರಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಸಂಸ್ಥೆಗೆ ಈಗ ಅವರದೇ ಹೆಸರು.