ಕಡಲಾಳದ ಯಾತ್ರಿಕ ಕುಸ್ತೊ

ಜಾಕ್ ಈವ್ ಕುಸ್ತೊ 1910ರ ಜೂನ್ 11ರಂದು ಫ್ರಾನ್ಸ್ ದೇಶದ ಬೋರ್ಡೊ ನಗರದ ಬಳಿಯ ಸಣ್ಣ ಊರೊಂದರಲ್ಲಿ ಜನಿಸಿದನು. ನೌಕಾಪಡೆಯನ್ನು ಸೇರಿದ ಅವನಿಗೆ ವಿಮಾನ ಚಾಲಕನಾಗುವ ಹಂಬಲವಿತ್ತು. ಆದರೆ ಮೋಟಾರು ಅಪಘಾತವೊಂದರಲ್ಲಿ ಅವನ ತೋಳುಗಳು ಮುರಿದುವು. ಆಕಾಶದ ಆಸೆ ಅಲ್ಲಿಗೇ ಮುಗಿಯಿತು. ತೋಳುಗಳಿಗೆ ಮರಳಿ ಬಲ ಬರಲೆಂದು ತೂಲೋನ್ ಬಂದರಿನ ಬಳಿ ಈಜತೊಡಗಿದನು. ಗೆಳೆಯನು ಕೊಟ್ಟ ಈಜುಗನ್ನಡಕವನ್ನು ಧರಿಸಿ ನೀರಿನೊಳಗೆ ಮುಖವಿಟ್ಟು ನೋಡಿದುದೇ ತಡ, ಅವನ ಬಾಳಿನ ದಿಕ್ಕು ಬದಲಾಯಿತು.

ಆ ಕಾಲದ ಮುಳುಗುಗಾರರು ಭಾರವಾದ ಲೋಹದ ಶಿರಸ್ತ್ರಾಣವನ್ನು ತೊಟ್ಟು, ಹಡಗಿನಿಂದ ಗಾಳಿ ತರುವ ಕೊಳವೆಗೆ ಕಟ್ಟುಬಿದ್ದವರಾಗಿ ಕಡಲತಳದಲ್ಲಿ ಕಾಲೆಳೆಯುತ್ತಿದ್ದರು. ಕುಸ್ತೊವಿಗೆ ಮೀನಿನ ಸ್ವಾತಂತ್ರ್ಯ ಬೇಕಾಗಿತ್ತು. 1943ರಲ್ಲಿ ಅವನೂ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರನೂ ಕೂಡಿ 'ಅಕ್ವಾಲಂಗ್' ಎಂಬ ಉಪಕರಣವನ್ನು ರೂಪಿಸಿದರು. ಬೆನ್ನ ಮೇಲಿನ ಉರುಳೆಗಳಲ್ಲಿ ಗಾಳಿಯನ್ನು ಒತ್ತಿ ತುಂಬಿರುತ್ತದೆ. ಉಸಿರೆಳೆದಾಗ ಮಾತ್ರ ತೆರೆಯುವ ಕವಾಟವೊಂದು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿಯನ್ನು ಒದಗಿಸುತ್ತದೆ. ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಅನಿಲದಿಂದ ಓಡುತ್ತಿದ್ದ ಕಾರುಗಳಿಗಾಗಿ ಗಾನ್ಯಾನ್ ಮಾಡಿದ್ದ ಕವಾಟವೇ ಇದರ ಮೂಲವೆಂಬುದು ಸೋಜಿಗವಲ್ಲವೆ?

1940ರ ದಶಕದ ಕೊನೆಯಲ್ಲಿ ಕುಸ್ತೊ ಮತ್ತು ಅವನ ಗೆಳೆಯ ದ್ಯುಮಾ ಅಟ್ಲಾಂಟಿಕ್ ಸಾಗರದ ಕೇಪ್ ವರ್ಡ್ ದ್ವೀಪಗಳ ಬಳಿ ನೀರಿಗಿಳಿದರು. ಬೂದು ಬಣ್ಣದ ಷಾರ್ಕ್ ಮೀನೊಂದು ಎದುರಾಯಿತು. ಅದರ ಮೂತಿಯ ಮುಂದೆ ಪುಟ್ಟ ಮರಿಮೀನೊಂದು ನಿರ್ಭಯವಾಗಿ ಈಜುತ್ತಿತ್ತು! ಇಬ್ಬರೂ ಹಿಗ್ಗಿನಿಂದ ಅದರ ಚಿತ್ರ ತೆಗೆದರು. ಅಷ್ಟರಲ್ಲಿ ಇನ್ನೆರಡು ಷಾರ್ಕುಗಳು ಬಂದು ಸುತ್ತತೊಡಗಿದುವು. ಕೈ ಬೀಸಿದರು, ಗಾಳಿಗುಳ್ಳೆಗಳನ್ನು ಬಿಟ್ಟರು, ನೀರೊಳಗೇ ಕೂಗಿದರು. ಅವು ಬೆದರಲಿಲ್ಲ. ಬೂದು ಷಾರ್ಕ್ ನೇರವಾಗಿ ನುಗ್ಗಿ ಬಂದಾಗ ಕುಸ್ತೊ ಕೈಯಲ್ಲಿದ್ದ ಕ್ಯಾಮೆರಾದಿಂದಲೇ ಅದರ ಮೂತಿಗೆ ಅಪ್ಪಳಿಸಿದನು. ಅದು ಸರಿದು ಮತ್ತೆ ಸುತ್ತತೊಡಗಿತು. ಮೇಲೆದ್ದು ನೋಡಿದರೆ ಹಡಗು ಬಹುದೂರ! ಬೆನ್ನಿಗೆ ಬೆನ್ನು ಕೊಟ್ಟು, ಒಬ್ಬರ ಕಾಲನ್ನು ಇನ್ನೊಬ್ಬರು ಕಾಯುತ್ತ ಇದ್ದವರನ್ನು ಕೊನೆಗೆ ದೋಣಿಯೊಂದು ಬಂದು ಎತ್ತಿಕೊಂಡಿತು.

1951ರಿಂದ 'ಕ್ಯಾಲಿಪ್ಸೊ' ಎಂಬ ಹಡಗು ಅವನ ಮನೆಯಾಯಿತು. 1956ರಲ್ಲಿ ತೆರೆಕಂಡ ಅವನ 'ಮೌನ ಜಗತ್ತು' ಚಲನಚಿತ್ರಕ್ಕೆ ಕಾನ್ ಉತ್ಸವದ ಅತ್ಯುಚ್ಚ ಪ್ರಶಸ್ತಿ ಬಂದಿತು. ಆ ಚಿತ್ರದಲ್ಲಿಯೇ ನೋಡಲಾಗದ ಒಂದು ದೃಶ್ಯವಿದೆ. ಹಡಗಿನ ಚಾಲಕಚಕ್ರಕ್ಕೆ ಸಿಕ್ಕಿ ತಿಮಿಂಗಿಲದ ಮರಿಯೊಂದು ಗಾಯಗೊಳ್ಳುತ್ತದೆ. ಅದರ ಸಂಕಟವನ್ನು ಕೊನೆಗಾಣಿಸಲು ನಾವಿಕರು ಅದನ್ನು ಕೊಲ್ಲುತ್ತಾರೆ. ರಕ್ತದ ವಾಸನೆಗೆ ಷಾರ್ಕುಗಳು ಮುತ್ತುತ್ತವೆ. ಸಿಟ್ಟಿಗೆದ್ದ ನಾವಿಕರು ಅವುಗಳನ್ನು ಮೇಲೆಳೆದು ಬಡಿದು ಕೊಲ್ಲುತ್ತಾರೆ. ಮರಿಯನ್ನು ಗಾಯಗೊಳಿಸಿದುದು ಷಾರ್ಕಲ್ಲ, ಹಡಗು. ಆದರೂ ದಂಡನೆ ಷಾರ್ಕಿಗೆ! ಕುಸ್ತೊವಿನ ಹಿರಿಮೆಯನ್ನು ಬಣ್ಣಿಸುವವರು ಇದನ್ನು ಮರೆಮಾಚಬೇಕಾಗಿಲ್ಲ.

ಅದೇ ಕುಸ್ತೊ 1960ರಲ್ಲಿ, ಅಣುವಿಕಿರಣದ ಕಸವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಸುರಿಯುವ ತನ್ನ ಸರ್ಕಾರದ ಯೋಜನೆಯನ್ನು ಎದುರಿಸಿ ನಿಂತನು. ಜನರೂ ಎದ್ದುನಿಂತರು, ಯೋಜನೆ ನಿಂತಿತು. 1973ರಲ್ಲಿ ಕಡಲಜೀವಿಗಳ ರಕ್ಷಣೆಗಾಗಿ ಸಂಸ್ಥೆಯೊಂದನ್ನು ಕಟ್ಟಿದನು. 1979ರಲ್ಲಿ ಮಗ ಫಿಲಿಪ್ ವಿಮಾನ ಅಪಘಾತದಲ್ಲಿ ಮಡಿದನು. ತಂದೆಯ ಯಾತ್ರೆ ನಿಲ್ಲಲಿಲ್ಲ. 1996ರಲ್ಲಿ ಕ್ಯಾಲಿಪ್ಸೊ ಸಿಂಗಪುರದ ಬಂದರಿನಲ್ಲಿ ಮುಳುಗಿತು. ಮರುವರ್ಷ ಜೂನ್ 25ರಂದು ಕುಸ್ತೊ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನ ಸಮಾಧಿ ಹುಟ್ಟಿದೂರಿನಲ್ಲಿದೆ.